ತೆಗೆದುಹಾಕಿದ 23 ಹೆಸರುಗಳು

ಇದು ನನ್ನ ಬಳಿ ಆಪ್ತಸಲಹೆಗೆ ಬಂದ ಸಲಹಾರ್ಥಿಯೊಬ್ಬರ ಪ್ರಕರಣ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರು ನಡೆಸುತ್ತಿದ್ದ ರಾಜಕೀಯ ಗ್ರೂಪ್ ಯಾವ ಪಕ್ಷದ ಪರವಾಗಿತ್ತು ಎಂಬುದನ್ನು ಬೇಕೆಂದೇ ಬರೆದಿಲ್ಲ. ಓದುತ್ತಾ ಹೋದಂತೆ 'ಇದು ಆ ಕಡೆಯವರದ್ದೇ ಇರಬೇಕು' ಅನ್ನಿಸಿದರೆ ಆ ಅನಿಸಿಕೆಯನ್ನೂ ಪ್ರಕರಣದ ಜೊತೆಗೇ ಇಟ್ಟುಕೊಳ್ಳಬಹುದು.

ಸಲಹಾರ್ಥಿ 40 ದಾಟಿದ ಮಹಿಳೆ, ಲೆಕ್ಕಪತ್ರ ತಪಾಸಣೆಯ ಕೆಲಸದವರು. ಬಂದದ್ದು ನಿದ್ದೆಯಿಲ್ಲ ಎಂಬ ದೂರಿನಿಂದ. ರಾತ್ರಿ 2 ಗಂಟೆಗೆ ಎಚ್ಚರ, ಕಣ್ಣು ಬಿಡುವ ಮುಂಚೆಯೇ ಕೈ ಮೊಬೈಲ್ ಹುಡುಕುತ್ತದೆ, ಹಲ್ಲು ಕಚ್ಚಿ ಮಲಗಿ ಬೆಳಿಗ್ಗೆ ದವಡೆ ನೋವು. ಜಿಎಡಿ-7 ಪ್ರಶ್ನಾವಳಿಯಲ್ಲಿ 12 ಅಂಕ ಬಂತು, ಅಂದರೆ ಮಧ್ಯಮ ಮಟ್ಟದ ಆತಂಕ. ಪಿಎಚ್‌ಕ್ಯು-9ರಲ್ಲಿ 7, ಸೌಮ್ಯ ಖಿನ್ನತೆಯ ವ್ಯಾಪ್ತಿ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆಗಳಿರಲಿಲ್ಲ. ಕೆಲಸ, ಮನೆ, ಆರೋಗ್ಯ ಎಲ್ಲ ಕೇಳಿ ಮುಗಿಸಿದ ಮೇಲೆ, ಇನ್ನೇನು ಹೊರಡಬೇಕು ಅನ್ನುವಾಗ ವಿಷಯ ಹೊರಬಿತ್ತು. ಅವರು 640 ಜನರಿರುವ ಒಂದು ಟೆಲಿಗ್ರಾಂ ರಾಜಕೀಯ ಗ್ರೂಪಿನ ಮುಖ್ಯ ಅಡ್ಮಿನ್. ಐದು ವರ್ಷದ ಹಿಂದೆ ಗೆಳತಿಯೊಬ್ಬರ ಜೊತೆ ಸೇರಿ ಕಟ್ಟಿದ್ದು. ಮೂರು ವಾರದ ಕೆಳಗೆ ಆ ಗೆಳತಿಯನ್ನೇ ಬ್ಯಾನ್ ಮಾಡಿದ್ದರು.

ಗೆಳತಿ ಬರೆದದ್ದು ಎರಡು ಸಾಲು. 'ಈ ಮಸೂದೆ ವಿಷಯದಲ್ಲಿ ನಮ್ಮವರು ತಪ್ಪು ಮಾಡಿದ್ದಾರೆ. ನಾನಂತೂ ಸಮರ್ಥಿಸಿಕೊಳ್ಳಲಾರೆ.'

"ಎದುರು ಪಕ್ಷದವರು ದಿನಾ ಬಾಯಿಗೆ ಬಂದಂಗೆ ಬೈತಾರೆ ಮೇಡಂ, ನನಗೆ ಏನೂ ಅನ್ಸಲ್ಲ. ಇವಳು ಇಷ್ಟು ಬರೆದಿದ್ದಕ್ಕೆ ಮೈಯೆಲ್ಲ ಉರಿದುಹೋಯ್ತು. ಯಾಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಇದಕ್ಕೆ ಸಮಾಜ ಮನೋವಿಜ್ಞಾನದಲ್ಲಿ 'ಕಪ್ಪು ಕುರಿ ಪರಿಣಾಮ' ಅನ್ನುತ್ತಾರೆ. 1988ರಲ್ಲಿ ಮಾರ್ಕೆಸ್, ಇಜರ್‌ಬಿಟ್ ಮತ್ತು ಲೇಯೆನ್ಸ್ ಪ್ರಕಟಿಸಿದ ಅಧ್ಯಯನದಿಂದ ಈ ಹೆಸರು ರೂಢಿಗೆ ಬಂತು. ಒಂದೇ ತಪ್ಪನ್ನು ಹೊರಗಿನವರು ಮಾಡಿದಾಗಿನದಕ್ಕಿಂತ ನಮ್ಮೊಳಗಿನವರು ಮಾಡಿದಾಗ ಜನ ಹೆಚ್ಚು ಕಟುವಾಗಿ ಅಳೆಯುತ್ತಾರೆ. ಹೊರಗಿನವರ ಬೈಗುಳ ಗುಂಪಿನ ಗೋಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಒಳಗಿನವರ 'ಇಲ್ಲ' ಮಾತ್ರ ಗೋಡೆಯ ಇಟ್ಟಿಗೆಯನ್ನೇ ಅಲುಗಿಸುತ್ತದೆ. ಇದನ್ನು ಕೇಳಿ ಅವರಿಗೆ ಸ್ವಲ್ಪ ಹಗುರವಾಯಿತು. ಆದರೆ ವಿವರಣೆ ಸಿಕ್ಕಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಅವರ ವೃತ್ತಿಗೆ ಒಗ್ಗುವ ಒಂದು ಕೆಲಸ ಕೊಡುವುದು ಮೇಲು ಅನ್ನಿಸಿತು: ಇಷ್ಟು ದಿನ ತೆಗೆದುಹಾಕಿದವರ ಲೆಡ್ಜರ್.

ಟೆಲಿಗ್ರಾಂನಲ್ಲಿ ಅಡ್ಮಿನ್‌ಗಳು ಏನೇನು ಮಾಡಿದರು ಎಂಬ 'ರೀಸೆಂಟ್ ಆಕ್ಷನ್ಸ್' ದಾಖಲೆ 48 ಗಂಟೆ ಮಾತ್ರ ಉಳಿಯುತ್ತದೆ. ಆದರೆ ಬ್ಯಾನ್ ಆದವರ ಪಟ್ಟಿ ಬೇರೆಯಾಗಿಯೇ ಇರುತ್ತದೆ. ಅದರಲ್ಲಿ 23 ಹೆಸರುಗಳಿದ್ದವು. ಪ್ರತಿಯೊಂದು ಹೆಸರಿನ ಮುಂದೆ ಮೂರು ಅಂಕಣ: ಆ ವ್ಯಕ್ತಿಯ ಕೊನೆಯ ಮೆಸೇಜ್, ಅದು ಮುರಿದ ನಿಯಮ, ಆ ಮೆಸೇಜಿನ ನಂತರದ ಹತ್ತು ನಿಮಿಷದಲ್ಲಿ ಗ್ರೂಪಿನಲ್ಲಿ ಬಂದ ಬೇರೆಯವರ ಮಾತು. ಹೆಸರುಗಳನ್ನು ಸಂಖ್ಯೆಯಾಗಿ ಬದಲಿಸಿಕೊಂಡು ಬನ್ನಿ, ಮೊಬೈಲನ್ನು ನನಗೆ ತೋರಿಸಬೇಡಿ ಎಂದು ಮೊದಲೇ ಹೇಳಿದ್ದೆ. ಆ ಗ್ರೂಪಿನ ಉಳಿದ 600ಕ್ಕೂ ಹೆಚ್ಚು ಜನ ಆಪ್ತಸಲಹೆಗೆ ಬಂದವರಲ್ಲ. ಅವರ ಮಾತು ನನ್ನ ಮೇಜಿನ ಮೇಲೆ ಬೀಳುವುದು ಸರಿಯಲ್ಲ.

ಎರಡನೇ ಭೇಟಿಗೆ ಲೆಡ್ಜರ್ ಬಂತು, ಕೆಂಪು ಪೆನ್ನಿನ ಗುರುತುಗಳ ಸಮೇತ. ಏಳು ಜನ ಮೋಸದ ಲಿಂಕ್ ಹಾಕಿದವರು. ನಾಲ್ವರು ಬೈಗುಳ, ಬೆದರಿಕೆ. ಒಬ್ಬ ಮತ್ತೊಬ್ಬರ ಫೋನ್ ನಂಬರನ್ನು ಎಲ್ಲರ ಮುಂದೆ ಹಾಕಿದವನು. ಉಳಿದ 11 ಜನರ ಎದುರು 'ಮುರಿದ ನಿಯಮ' ಅಂಕಣ ಖಾಲಿ. ಈ 11ರಲ್ಲಿ ಮೂವರನ್ನು ತೆಗೆಯುವಾಗ 'ಎಲ್ಲ ಮೆಸೇಜ್ ಅಳಿಸು' ಎಂಬುದಕ್ಕೂ ಟಿಕ್ ಹಾಕಿದ್ದರಿಂದ ಅವರು ಏನು ಬರೆದಿದ್ದರು ಅಂತಲೇ ಗೊತ್ತಾಗಲಿಲ್ಲ. ಮಿಕ್ಕ ಎಂಟರಲ್ಲಿ ಆರು ಕಡೆ ಮೂರನೇ ಅಂಕಣದಲ್ಲಿ ಹೆಚ್ಚುಕಡಿಮೆ ಒಂದೇ ಮಾತು: 'ಅಡ್ಮಿನ್ ನಿದ್ದೆ ಮಾಡ್ತಿದಾರಾ?', 'ಇಂಥೋರನ್ನ ಇನ್ನೂ ಇಟ್ಕೊಂಡಿದೀರಲ್ಲ', 'ಅಡ್ಮಿನ್ ಯಾರ ಕಡೆ?' ಗೆಳತಿಯದ್ದೂ ಆ ಆರರಲ್ಲೊಂದು. ಎರಡು ಸಾಲಿನ ಅಭಿಪ್ರಾಯ ಬಂದಾಗ ಸಲಹಾರ್ಥಿ ಅದನ್ನು ಓದಿ ಸುಮ್ಮನಿದ್ದರು. ಬ್ಯಾನ್ ಮಾಡಿದ್ದು 'ಯಾರ ಕಡೆ' ಎಂಬ ಪ್ರಶ್ನೆ ಬಂದು ನಾಲ್ಕು ನಿಮಿಷಕ್ಕೆ.

ನನ್ನ ಮಟ್ಟಿಗೆ ಪ್ರಕರಣದ ತಿರುಳು ಈ ಮೂರನೇ ಅಂಕಣ. ಅವರಿಗೆ ಭಿನ್ನಾಭಿಪ್ರಾಯದ ಮೇಲೆ ಅಂಥ ದ್ವೇಷವೇನೂ ಇರಲಿಲ್ಲ. ಸಹಿಸಲಾಗದೇ ಹೋದದ್ದು ಅದನ್ನು ಸಹಿಸುತ್ತಿರುವಾಗ ತಮ್ಮವರ ಕಣ್ಣಿಗೆ ಬೀಳುವುದನ್ನು. ಮಸೂದೆಯ ಬಗ್ಗೆ ಅವರದೇ ನಿಲುವೇನು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಅವಳು ಹೇಳಿದ್ರಲ್ಲಿ ಅರ್ಧ ನನಗೂ ಹೌದು ಅನ್ಸುತ್ತೆ" ಅಂದರು.

ಇಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಅವರ 1950ರ ದಶಕದ ಪ್ರಯೋಗಗಳನ್ನು ವಿವರಿಸಿದ್ದು ಉಪಯೋಗಕ್ಕೆ ಬಂತು. ಕಾರ್ಡಿನ ಮೇಲಿನ ಗೆರೆಗಳಲ್ಲಿ ಯಾವುದು ಇನ್ನೊಂದು ಕಾರ್ಡಿನ ಗೆರೆಯಷ್ಟೇ ಉದ್ದ ಎಂದು ಹೇಳುವುದಷ್ಟೇ ಕೆಲಸ. ಪ್ರಯೋಗ ನಡೆಸುವವರು ಮೊದಲೇ ಹೇಳಿಕೊಟ್ಟು ಕೂರಿಸಿದ್ದವರೆಲ್ಲ ಒಕ್ಕೊರಲಿನಿಂದ ತಪ್ಪು ಉತ್ತರ ಕೊಟ್ಟಾಗ, ಇದೇನೂ ಗೊತ್ತಿಲ್ಲದೆ ಕೂತವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ತಪ್ಪಿನ ಜೊತೆ ಹೋದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವವನಿದ್ದರೆ ತಪ್ಪುಗಳು ಅದರ ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಇದನ್ನು ಗ್ರೂಪಿಗೆ ಅನ್ವಯಿಸಿ ನೋಡಿದರೆ, ಆ ಒಬ್ಬರನ್ನು ತೆಗೆದಾಗ ಕಡಿಮೆಯಾಗುವುದು ಒಂದು ಧ್ವನಿಯಲ್ಲ. ಅದೇ ಅನುಮಾನ ಇಟ್ಟುಕೊಂಡು ಸುಮ್ಮನಿರುವ ಎಷ್ಟೋ ಜನ ಬಾಯಿ ತೆರೆಯುವ ಧೈರ್ಯವನ್ನೇ ಬಿಡುತ್ತಾರೆ, ಅಡ್ಮಿನ್ ಸೇರಿ.

ಸಲಹಾರ್ಥಿ ಸುಲಭಕ್ಕೆ ಒಪ್ಪುವವರಲ್ಲ. ಅಸಹಿಷ್ಣುಗಳನ್ನು ಸಹಿಸಿದರೆ ಸಹಿಷ್ಣುತೆಯೇ ಸಾಯುತ್ತದೆ ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದ್ದಾರಲ್ಲ ಎಂದು ವಾದಿಸಿದರು. ಆ ಗ್ರೂಪಿನಲ್ಲಿ ಅದರ ಪೋಸ್ಟರ್ ತಿಂಗಳಿಗೊಮ್ಮೆ ಸುತ್ತುತ್ತಿತ್ತಂತೆ. 1945ರಲ್ಲಿ ಪಾಪರ್ ಅದನ್ನು ಬರೆದದ್ದು ಒಂದು ಅಡಿಟಿಪ್ಪಣಿಯಲ್ಲಿ. ವಾದದಿಂದ ಎದುರಿಸಲು ಸಾಧ್ಯವಿರುವವರೆಗೆ ಅಂಥ ಮಾತನ್ನು ಹತ್ತಿಕ್ಕುವುದು ಅವಿವೇಕ ಎಂದು ಅದೇ ಟಿಪ್ಪಣಿಯಲ್ಲಿದೆ. ಪೋಸ್ಟರ್ ಮಾಡುವವರು ಆ ಸಾಲನ್ನು ಬಿಟ್ಟಿರುತ್ತಾರೆ. ಎರಡು ಸಾಲು ಬರೆದ ಗೆಳತಿ ಯಾವ ಅಳತೆಯಲ್ಲೂ ಅಸಹಿಷ್ಣುಗಳ ಸಾಲಿಗೆ ಬರುವುದಿಲ್ಲ.

ಕೊಟ್ಟ ಸಲಹೆ ಎರಡು ಬಗೆಯದು: ಅವರ ಮೈಮನಸ್ಸಿಗೆ ಸಂಬಂಧಿಸಿದ್ದು, ಗ್ರೂಪಿನ ವ್ಯವಸ್ಥೆಗೆ ಸಂಬಂಧಿಸಿದ್ದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ಮೊದಲನೆಯದರಲ್ಲಿ ಮುಖ್ಯವಾದದ್ದು 20 ನಿಮಿಷದ ನಿಯಮ. ಮೈ ಬಿಸಿಯಾಗುವ, ದವಡೆ ಬಿಗಿಯುವ ಮೆಸೇಜ್ ಬಂದರೆ ಮೊಬೈಲನ್ನು ಬೋರಲು ಹಾಕಿ, ಎದ್ದು ಬೇರೆ ಕೋಣೆಗೆ ಹೋಗುವುದು. ಅಲ್ಲೇ ಕೂತು ಉಸಿರು ಎಣಿಸುತ್ತೇನೆ ಅಂದರೆ ಆಗದು, ಮಾತು ಕಣ್ಣೆದುರೇ ಇರುತ್ತದೆ. ವಾಪಸ್ ಬಂದು ಆ ಮೆಸೇಜನ್ನು ಗಟ್ಟಿಯಾಗಿ, ರೈಲು ನಿಲ್ದಾಣದ ಪ್ರಕಟಣೆ ಓದುವ ಧಾಟಿಯಲ್ಲಿ ಓದಬೇಕು. ಬರಹದಲ್ಲಿ ಧ್ವನಿ ಇರುವುದಿಲ್ಲ, ಓದುವವರೇ ತುಂಬಿಕೊಳ್ಳುತ್ತಾರೆ. 2005ರಲ್ಲಿ ಕ್ರೂಗರ್, ಎಪ್ಲಿ ಮತ್ತಿತರರು ನಡೆಸಿದ ಇಮೇಲ್ ಅಧ್ಯಯನದಲ್ಲಿ, ತಮ್ಮ ಮಾತು ಗಂಭೀರವೋ ವ್ಯಂಗ್ಯವೋ ಎಂಬುದು ಶೇ 78ರಷ್ಟು ಸಲ ಎದುರಿನವರಿಗೆ ತಿಳಿಯುತ್ತದೆ ಎಂದು ಬರೆದವರು ಅಂದುಕೊಂಡಿದ್ದರು. ತಿಳಿದದ್ದು ಶೇ 56ರಷ್ಟು ಸಲ, ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪ ವಾಸಿ. ಸಲಹಾರ್ಥಿ ಗೆಳತಿಯ ಸಾಲುಗಳನ್ನು ನನ್ನೆದುರೇ ಎರಡು ಸಲ ಓದಿದರು. ಮೊದಲ ಸಲ 'ನಾನಂತೂ' ಎಂಬಲ್ಲಿ ಧ್ವನಿ ಚುಚ್ಚುವಂತಿತ್ತು. ಸಪ್ಪೆಯಾಗಿ ಓದಿದಾಗ ಅದೇ ಪದ ದಣಿದವರ ಮಾತಿನಂತೆ ಕೇಳಿಸಿತು. ಯಾವುದು ನಿಜ ಎಂದು ಬರಹದಿಂದ ಹೇಳಲಾಗದು, ಫೋನ್ ಮಾಡಿಯೇ ಕೇಳಬೇಕು.

ಓದಿದ ಮೇಲೆ ಉತ್ತರ ಬರೆಯುವ ಮೊದಲು ಒಂದು ವಾಕ್ಯ: 'ನೀವು ಹೇಳುತ್ತಿರುವುದು ಹೀಗೆ, ಅಲ್ಲವೇ?' ಎದುರಿನವರು 'ಹೌದು, ಅದೇ' ಅನ್ನುವವರೆಗೆ ಖಂಡನೆ ಶುರುಮಾಡಬಾರದು. ಇನ್ನು ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್, ಮೊಬೈಲ್ ಮಲಗುವ ಕೋಣೆಯ ಹೊರಗೆ. ಇದಕ್ಕೆ ವಿವರಣೆ ಬೇಡ.

ಗ್ರೂಪಿನ ವ್ಯವಸ್ಥೆಯಲ್ಲಿ ಕೆಲಸ ಹೆಚ್ಚಿತ್ತು. ಪಿನ್ ಮಾಡಿದ ನಿಯಮಗಳಲ್ಲಿ 'ಗುಂಪಿನ ಆಶಯಕ್ಕೆ ಧಕ್ಕೆ ತರುವವರನ್ನು ತೆಗೆಯಲಾಗುವುದು' ಎಂಬ ಸಾಲಿತ್ತು. ಇಂಥ ಸಾಲು ನಿಯಮವಲ್ಲ, ಜೋರಾಗಿ ಕೂಗುವವರ ಕೈಗೆ ಕೊಟ್ಟ ಕೋಲು. ಅದನ್ನು ತೆಗೆದು, ಯಾರು ನೋಡಿದರೂ ಹೌದೋ ಅಲ್ಲವೋ ಎಂದು ಹೇಳಬಹುದಾದ ನಾಲ್ಕನ್ನು ಬರೆದುಕೊಂಡರು: ಬೆದರಿಕೆ ಅಥವಾ ಮೋಸದ ಲಿಂಕ್, ಹುಟ್ಟನ್ನೋ ದೇಹವನ್ನೋ ಹಿಡಿದು ಬೈಯುವುದು, ಬೇರೆಯವರ ಖಾಸಗಿ ಮಾಹಿತಿ ಹಾಕುವುದು, ಒಂದೇ ವಿಷಯವನ್ನು ಮತ್ತೆ ಮತ್ತೆ ಸುರಿಯುವುದು. ಪಕ್ಷದ ನಿಲುವನ್ನು ಒಪ್ಪದಿರುವುದು ಇದರಲ್ಲಿಲ್ಲ. ಇಲ್ಲ ಎಂಬುದನ್ನೂ ಐದನೇ ಸಾಲಾಗಿ ಬರೆಯಿಸಿದೆ. ನಿಯಮ ಮುರಿದವರಿಗೆ ಮೊದಲು ಖಾಸಗಿಯಾಗಿ ಎಚ್ಚರಿಕೆ, ಆಮೇಲೆ ಒಂದು ದಿನ ಬರೆಯದಂತೆ ತಡೆ, ನಂತರ ಒಂದು ವಾರ, ಕೊನೆಗೆ ಬ್ಯಾನ್. ಬೆದರಿಕೆ ಮತ್ತು ಮೋಸದ ಲಿಂಕಿಗೆ ಮಾತ್ರ ನೇರ ಬ್ಯಾನ್. ಬ್ಯಾನ್‌ಗೆ ಇಬ್ಬರು ಅಡ್ಮಿನ್‌ಗಳ ಒಪ್ಪಿಗೆ ಬೇಕು, 'ಎಲ್ಲ ಮೆಸೇಜ್ ಅಳಿಸು' ಟಿಕ್ ಹಾಕುವಂತಿಲ್ಲ. ಗ್ರೂಪ್ ಕಾವೇರಿದಾಗ ಎಲ್ಲರ ಬಾಯಿ ಮುಚ್ಚಿಸುವ ಬದಲು ಸ್ಲೋ ಮೋಡ್ ಹಾಕಬೇಕು, ಅಂದರೆ ಒಂದು ಮೆಸೇಜ್ ಹಾಕಿದವರು ಮುಂದಿನದಕ್ಕೆ ಇಂತಿಷ್ಟು ಹೊತ್ತು ಕಾಯಬೇಕು. ಟೆಲಿಗ್ರಾಂನಲ್ಲಿ ಅದು ಕೆಲವೇ ಸೆಕೆಂಡಿನಿಂದ 1 ಗಂಟೆಯವರೆಗೆ ಸಿಗುತ್ತದೆ. 10 ಸೆಕೆಂಡು ಜಗಳಕ್ಕೆ ಏನೇನೂ ಸಾಲದು, 1 ಗಂಟೆ ಇಟ್ಟರೆ ಮಾತುಕತೆಯೇ ಸತ್ತುಹೋಗುತ್ತದೆ. 5 ನಿಮಿಷ ಇವರಿಗೆ ಸರಿಹೋಯಿತು. ಸ್ಲೋ ಮೋಡ್ ಅಡ್ಮಿನ್‌ಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಆ ಹೊತ್ತಿನಲ್ಲಿ ಅಡ್ಮಿನ್‌ಗಳು ತಾವಾಗಿಯೇ ವಾದಕ್ಕಿಳಿಯಬಾರದು.

ಎರಡು ಕಡೆ ಎಡವಟ್ಟಾಯಿತು. ಮೂರನೇ ವಾರ ಸಲಹಾರ್ಥಿ ಸಹಿಷ್ಣುತೆ ಅಂದರೆ ಏನನ್ನೂ ತಡೆಯದಿರುವುದು ಎಂದುಕೊಂಡು, ಒಬ್ಬ ಸದಸ್ಯ ಒಂದೇ ಸಂಜೆ 40ಕ್ಕೂ ಹೆಚ್ಚು ಮೆಸೇಜ್ ಸುರಿದರೂ ಸುಮ್ಮನಿದ್ದರು. ಸಭ್ಯವಾಗಿ ಭಿನ್ನಮತ ಹೇಳುತ್ತಿದ್ದ ಇಬ್ಬರು ಆ ಗಲಾಟೆಯಲ್ಲಿ ಬೇಸತ್ತು ಹೊರಟೇಹೋದರು. ನಾಲ್ಕನೇ ನಿಯಮ ಇದ್ದದ್ದೇ ಇದಕ್ಕೆ. ಆತನ ಅಭಿಪ್ರಾಯವನ್ನು ಮುಟ್ಟದೆ ಸುರಿಯುವುದನ್ನಷ್ಟೇ ತಡೆಯಬಹುದಿತ್ತು. ಇನ್ನೊಂದು, ವಾರಕ್ಕೊಬ್ಬರನ್ನು 'ವಿರೋಧ ಪಕ್ಷ' ಎಂದು ನೇಮಿಸುವ ಆಟ. ಅದು ಅವರದೇ ಐಡಿಯಾ, ಬೇಡವೆನ್ನಬೇಕಿತ್ತು. ನಟಿಸಿದ ವಿರೋಧ ನಿಜವಾದ ವಿರೋಧದಷ್ಟು ಜನರನ್ನು ಯೋಚನೆಗೆ ಹಚ್ಚುವುದಿಲ್ಲ ಎಂದು ಮನೋವಿಜ್ಞಾನಿ ಶಾರ್ಲನ್ ನೆಮೆತ್ ಅವರ ಪ್ರಯೋಗಗಳು ತೋರಿಸಿವೆ. ಇಲ್ಲೂ ಹಾಗೇ ಆಯಿತು. ಎಲ್ಲರೂ ನಕ್ಕರು, 'ನಾವು ಎಷ್ಟು ಉದಾರಿಗಳು' ಎಂದು ಬೆನ್ನು ತಟ್ಟಿಕೊಂಡರು, ನಿಜವಾಗಿ ಒಪ್ಪದವರು ಮತ್ತಷ್ಟು ಮೌನವಾದರು.

ಗೆಳತಿಗೆ ಮಾಡುವ ಫೋನ್ ಕರೆಯ ತಯಾರಿಗೆ ಒಂದು ಇಡೀ ಭೇಟಿ ಹೋಯಿತು. ಮೊದಲ ಕರಡಿನಲ್ಲಿ 'ನಿನಗೆ ಬೇಜಾರಾಗಿದ್ದರೆ ಕ್ಷಮಿಸು, ಆದರೆ ಗ್ರೂಪಿನ ಪರಿಸ್ಥಿತಿ ಹಾಗಿತ್ತು' ಎಂದಿತ್ತು. 'ಆಗಿದ್ದರೆ' ಮತ್ತು 'ಆದರೆ' ಎರಡನ್ನೂ ಹೊಡೆದುಹಾಕಿದೆವು. ಉಳಿದದ್ದು ಮೂರು ವಾಕ್ಯ: ನಿನ್ನನ್ನು ತೆಗೆದದ್ದು ತಪ್ಪು. ನೀನು ಯಾವ ನಿಯಮವನ್ನೂ ಮುರಿದಿರಲಿಲ್ಲ, ಬೇರೆಯವರು ಏನನ್ನುತ್ತಾರೋ ಅಂತ ಹೆದರಿ ತೆಗೆದೆ. ಮಸೂದೆ ಬಗ್ಗೆ ನಿನ್ನ ಮಾತು ಪೂರ್ತಿ ಕೇಳಬೇಕು. ಜೊತೆಗೊಂದು ಷರತ್ತು: ಆಕೆ ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು, ಗ್ರೂಪಿಗೆ ವಾಪಸ್ ಬಾ ಎಂದು ಆ ಕರೆಯಲ್ಲಿ ಕೇಳಬಾರದು. ಕರೆ 50 ನಿಮಿಷ ನಡೆಯಿತಂತೆ. ಗೆಳತಿ 12 ನಿಮಿಷ ಬೈದದ್ದನ್ನು ಸಲಹಾರ್ಥಿ ಗಡಿಯಾರ ನೋಡಿಯೇ ಹೇಳಿದರು, ಲೆಕ್ಕದವರಲ್ಲವೇ.

ಎಂಟನೇ ಭೇಟಿಯ ಹೊತ್ತಿಗೆ ಜಿಎಡಿ-7 ಅಂಕ 6ಕ್ಕೆ ಇಳಿದಿತ್ತು, ನಿದ್ದೆ ಹೆಚ್ಚಿನ ರಾತ್ರಿ ಕೂಡಿಬರುತ್ತಿತ್ತು. ನಿಯಮವಿಲ್ಲದೆ ತೆಗೆದ 11 ಜನರ ಬ್ಯಾನ್ ತೆರವಾಯಿತು, ಮರಳಿ ಬಂದವರು ನಾಲ್ವರು. ಹೊಸ ನಿಯಮಗಳಿಗೆ ಸಿಟ್ಟಾಗಿ 31 ಜನ ಬಿಟ್ಟುಹೋಗಿ ಬೇರೆ ಗ್ರೂಪ್ ಮಾಡಿಕೊಂಡರು. 'ಅಡ್ಮಿನ್ ಯಾರ ಕಡೆ' ಎಂದು ಕೇಳಿದ್ದ ವ್ಯಕ್ತಿ ಮಾತ್ರ ಇಲ್ಲೇ ಉಳಿದಿದ್ದಾನೆ, ಈಗಲೂ ವಾರಕ್ಕೊಮ್ಮೆ ಅದನ್ನೇ ಕೇಳುತ್ತಾನೆ. ಅವನನ್ನು ತೆಗೆಯಬಹುದೇ ಎಂದು ಸಲಹಾರ್ಥಿ ಕೇಳಿದರು. ನಾಲ್ಕು ನಿಯಮಗಳನ್ನು ಅವರೇ ಮತ್ತೊಮ್ಮೆ ಓದಿ, ಲೆಡ್ಜರನ್ನು ಚೀಲಕ್ಕೆ ಹಾಕಿಕೊಂಡರು. ಗೆಳತಿ ಗ್ರೂಪಿಗೆ ಬಂದಿಲ್ಲ. ಭಾನುವಾರಗಳಲ್ಲಿ ಫೋನ್ ಮಾಡುತ್ತಾರೆ, ಮಸೂದೆ ವಿಷಯದಲ್ಲಿ ಇಬ್ಬರಿಗೂ ಇನ್ನೂ ಹೊಂದಾಣಿಕೆಯಾಗಿಲ್ಲ. ಮುಂದಿನ ಭೇಟಿ ಆರು ವಾರದ ನಂತರ.