ಕಾವೇರಿ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಇದೆಯಂತೆ. ಕುದಿಸಿ ಕುಡಿದರೆ ಸಾಕಾ?

ಸಾಕಾಗಲ್ಲ. ಕುದಿಸಿದರೆ ಸಾಯುವುದು ರೋಗಾಣು. ಸೀಸ, ಕ್ಯಾಡ್ಮಿಯಂ ನೀರಲ್ಲೇ ಉಳಿಯುತ್ತವೆ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಅವುಗಳ ಪ್ರಮಾಣ ಒಂಚೂರು ಏರುತ್ತದೆ.

ಮಂಡ್ಯದಲ್ಲಿ ನಿಮ್ಮ ಮನೆಗೆ ಬಂದ ಫಿಲ್ಟರ್ ಮಾರುವವನು ಮೀಟರ್ ಅದ್ದಿ "ಲೋಹ ಇದೆ" ಅಂದ ಅಂತ ಬರೆದಿದ್ದೀರಿ. ನಾನು ಮೈಸೂರಿನಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಈ ಮೀಟರ್ ಕತೆ ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಅದು ಟಿಡಿಎಸ್ ಮೀಟರ್. ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳುತ್ತದೆ, ಅಷ್ಟೇ. ನಮ್ಮ ದೇಶದ ಮಾನದಂಡದಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಸೀಸದ ಮಿತಿ 0.01 ಮಿಲಿಗ್ರಾಂ, ಕ್ಯಾಡ್ಮಿಯಂದು 0.003. ಆ ಮೀಟರಿನಲ್ಲಿ ಒಂದು ಅಂಕಿ ಅಂದರೆ ಸುಮಾರು 1 ಮಿಲಿಗ್ರಾಂ. ಸೀಸ ಮಿತಿಯ ಐವತ್ತು ಪಟ್ಟು ಇದ್ದರೂ ಅದಕ್ಕೆ ಗೊತ್ತೇ ಆಗಲ್ಲ! ಇನ್ನು ಕೆಲವರು ನೀರಿಗೆ ಕಡ್ಡಿ ಬಿಟ್ಟು, ಕರೆಂಟ್ ಕೊಟ್ಟು, ಕಂದು ಬಣ್ಣ ಬರಿಸಿ ಹೆದರಿಸುತ್ತಾರೆ. ಆ ಕೊಳೆ ಅವರ ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಆರ್‌ಒ (ತೀರಾ ಸಣ್ಣ ರಂಧ್ರದ ಪೊರೆಯಲ್ಲಿ ಸೋಸುವ ಫಿಲ್ಟರ್) ನೀರಿನಲ್ಲಿ ಲವಣ ಕಮ್ಮಿ, ಕರೆಂಟ್ ಸರಿಯಾಗಿ ಹರಿಯಲ್ಲ, ಅದಕ್ಕೇ ಅದು ತಿಳಿಯಾಗಿರುತ್ತದೆ.

ಹಾಗಂತ ಆರ್‌ಒ ಮೋಸ ಅಲ್ಲ. ಸೀಸ, ಕ್ಯಾಡ್ಮಿಯಂಗಳನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಆದರೆ ದುಡ್ಡು ಹಾಕುವ ಮೊದಲು ಪರೀಕ್ಷೆ ಮಾಡಿಸಿ. "ನೀರು ಟೆಸ್ಟ್ ಮಾಡಿ" ಅಂತ ಸುಮ್ನೆ ಕೊಟ್ಟರೆ ಗಡಸುತನ, ಪಿಎಚ್, ರೋಗಾಣು ನೋಡಿ ಕಳಿಸಿಬಿಡುತ್ತಾರೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್ ಅಂತ ಹೆಸರು ಹೇಳಿ ಕೇಳಬೇಕು. ಬಾಟಲಿಯನ್ನೂ ಲ್ಯಾಬಿನಿಂದಲೇ ತನ್ನಿ. ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಹಾಗಾಗದಂತೆ ಲ್ಯಾಬಿನವರು ಆಸಿಡ್ ಹಾಕಬೇಕಾಗುತ್ತದೆ.

ಹೊಳೆಯಲ್ಲಿ ಲೋಹ ಇದೆ ಅನ್ನುವ ವರದಿ ಓದಿ ನಲ್ಲಿ ನೀರಿಗೆ ಹೆದರುವುದೂ ಸರಿಯಲ್ಲ. ಲೋಹ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿ ತಳದ ಕೆಸರಿನಲ್ಲಿ ಕೂರುತ್ತದೆ. ಶುದ್ಧೀಕರಣ ಘಟಕದಲ್ಲಿ ಆಲಂ (ಪಟಿಕ) ಹಾಕಿ ಕಣಗಳನ್ನು ಇಳಿಸುವಾಗ ಅದರಲ್ಲಿ ಬಹಳಷ್ಟು ಹೋಗುತ್ತದೆ. ಹೊಳೆಯಿಂದ ನೇರ ನೀರು ತರುವವರ ಲೆಕ್ಕ ಬೇರೆ.

ಅಪಾಯ ಅಂದರೆ ಇದು ವಾಂತಿಭೇದಿಯ ಥರ ಅಲ್ಲ, ನಿಧಾನ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಅದಕ್ಕಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಡ್ಮಿಯಂ ಕಿಡ್ನಿಯಲ್ಲಿ ಹತ್ತಾರು ವರ್ಷ ಕೂತಿರುತ್ತದೆ. ಭತ್ತದ ಸೀಮೆಯವರಾದ ನಾವು ಜಪಾನಿನ ಜಿಂಜು ನದಿಯ ಸಂಗತಿ ತಿಳಿದಿರಬೇಕು. ಮೇಲಿನ ಗಣಿಯಿಂದ ಕ್ಯಾಡ್ಮಿಯಂ ಹೊಳೆಗೆ ಸೇರಿತು, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಮೂಳೆ ಮೆತ್ತಗಾಗಿ ಸುಲಭಕ್ಕೆ ಮುರಿಯುತ್ತಿದ್ದ ಆ ಕಾಯಿಲೆಗೆ ಇಟಾಯ್ ಇಟಾಯ್ ಅಂತ ಹೆಸರು. ಅದಕ್ಕೆ ಕ್ಯಾಡ್ಮಿಯಂ ಕಾರಣ ಅಂತ ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ನಮ್ಮಲ್ಲಿ ಹಾಗಾಗಿದೆ ಅಂತ ಹೇಳುತ್ತಿಲ್ಲ. ಆದರೆ ಚರಂಡಿ, ಕಾರ್ಖಾನೆ ನೀರು ಹರಿಸಿ ಬೆಳೆದ ಸೊಪ್ಪನ್ನು ನಮ್ಮ ಮನೆಗೆ ತರುವುದಿಲ್ಲ.

ಹೊಳೆ ಮೀನು ಬಿಡಬೇಕಾ ಅಂತಲೂ ಕೇಳಿದ್ದೀರಿ. ಬಿಡಬೇಡಿ. ಈಲಿ, ಕರುಳು ತೆಗೆದುಹಾಕಿ, ಕ್ಯಾಡ್ಮಿಯಂ ಸೇರುವುದು ಮುಖ್ಯವಾಗಿ ಅಲ್ಲೇ. ಪಾದರಸ ಮಾತ್ರ ಮಾಂಸದಲ್ಲೇ ಇರುತ್ತದೆ, ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಜಾಸ್ತಿ. ಬಸುರಿಯರು, ಮಕ್ಕಳಿಗೆ ಸಣ್ಣ ಮೀನೇ ಒಳ್ಳೆಯದು.