ಆ ಸಿಸ್ಟರ್‌ಗಳು ಕೇಳಿದ್ದಾದರೂ ಏನು?

ಪ್ರಿಯ ಮೇಷ್ಟ್ರೇ, ನಮಸ್ಕಾರ.

ಲಾಸ್ ಏಂಜಲೀಸ್‌ನ ಇಮ್ಯಾಕ್ಯುಲೇಟ್ ಹಾರ್ಟ್ ಕಾಲೇಜಿನ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಕಾಗದ ತಲುಪಿತು. ಅದು ತುಂಬಾ ದೊಡ್ಡದು, ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. 1960ರ ದಶಕದಲ್ಲಿ ಆ ಹೆಣ್ಣುಮಕ್ಕಳ ಕಾಲೇಜು ನಡೆಸುತ್ತಿದ್ದ ಕ್ಯಾಥೊಲಿಕ್ ಧರ್ಮಭಗಿನಿಯರು (ಸಿಸ್ಟರ್‌ಗಳು) ಪಾಠ ಬಿಟ್ಟು ರಾಜಕೀಯಕ್ಕೆ ಇಳಿದರು. ವಿಧೇಯತೆಯ ವ್ರತ ತೊಟ್ಟವರೇ ಆ ನಗರದ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥರಾದ ಕಾರ್ಡಿನಲ್ ಮಾತು ಮೀರಿದರು. ಕೊನೆಗೆ ಕಾಲೇಜೂ ಉಳಿಯಲಿಲ್ಲ. ಇದನ್ನು ಹೊಗಳಿ ಬರೆಯುವುದೇಕೆ? ಇದು ನಿಮ್ಮ ಪ್ರಶ್ನೆ. ಜೀವಮಾನವೆಲ್ಲ ಶಾಲೆಯಲ್ಲಿ ಕಳೆದವರ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸಾಗಲಿಲ್ಲ.

ಜಗಳ ಯಾವುದಕ್ಕೆ ಶುರುವಾಯಿತು ಅನ್ನುವುದನ್ನು ಮೊದಲು ನೋಡೋಣ. ನಮ್ಮ ಲೇಖನದಲ್ಲಿ ಮೆರವಣಿಗೆ, ಪೋಸ್ಟರುಗಳ ಬಣ್ಣವೇ ಜಾಸ್ತಿಯಾಗಿ, ಈ ಭಾಗಕ್ಕೆ ಜಾಗ ಕಡಿಮೆಯಾಯಿತು.

ಆಗಿನ ಅಮೆರಿಕದಲ್ಲಿ ಚರ್ಚ್ ಶಾಲೆಗಳ ಒಂದೊಂದು ತರಗತಿಯಲ್ಲಿ 50-60 ಮಕ್ಕಳಿರುವುದು ಮಾಮೂಲು. ಕ್ಯಾಥೊಲಿಕ್ ಕುಟುಂಬಗಳು ಬೆಳೆಯುತ್ತಿದ್ದವು, ಊರಿಗೊಂದು ಹೊಸ ಶಾಲೆ ಏಳುತ್ತಿತ್ತು. ಪಾಠ ಮಾಡುವವರು ಸಿಸ್ಟರ್‌ಗಳು, ಅದೂ ತೀರಾ ಕಡಿಮೆ ಸಂಬಳಕ್ಕೆ. ಮಠ ಸೇರಿದ ಹುಡುಗಿಯನ್ನು ಪದವಿ ಮುಗಿಯುವ ಮೊದಲೇ ತರಗತಿಗೆ ಕಳುಹಿಸುತ್ತಿದ್ದರು. ಆಮೇಲೆ ಬೇಸಿಗೆ ರಜೆಗಳಲ್ಲಿ ಒಂದಿಷ್ಟು ಒಂದಿಷ್ಟೇ ಓದಿ ಡಿಗ್ರಿ ಮುಗಿಸಲು ಎಷ್ಟೋ ವರ್ಷ ಹಿಡಿಯುತ್ತಿತ್ತು. ಬೆಳಗಿನಿಂದ 60 ಮಕ್ಕಳ ಮುಂದೆ ನಿಂತು, ಸಂಜೆ ಮಠದ ಕೆಲಸ ಮುಗಿಸಿ, ರಾತ್ರಿ ತನ್ನ ಪುಸ್ತಕ ಬಿಚ್ಚಬೇಕು. ಅವಳ ಪಾಡು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ ಮೇಷ್ಟ್ರೇ?

1962ರಿಂದ 1965ರವರೆಗೆ ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕ್ಯಾಥೊಲಿಕ್ ಬಿಷಪರ ಸಭೆ ನಡೆಯಿತು. ಪ್ರತಿಯೊಂದು ಸನ್ಯಾಸಿ ಸಂಸ್ಥೆಯೂ ತನ್ನ ಮೂಲ ಉದ್ದೇಶವನ್ನು ಮತ್ತೆ ನೋಡಿಕೊಳ್ಳಬೇಕು, ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು 1965ರ ಅಕ್ಟೋಬರ್‌ನಲ್ಲಿ ಅಪ್ಪಣೆಯಾಯಿತು. ಇಮ್ಯಾಕ್ಯುಲೇಟ್ ಹಾರ್ಟ್ ಸಿಸ್ಟರ್‌ಗಳು ಆ ಅಪ್ಪಣೆಯನ್ನು ಮನಸ್ಸಿಟ್ಟು ಪಾಲಿಸಿದರು. ಅವರ ಮುಖ್ಯಸ್ಥೆ ಅನಿತಾ ಕ್ಯಾಸ್ಪರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವರು, ಅದೇ ಕಾಲೇಜಿನ ಅಧ್ಯಕ್ಷೆಯಾಗಿದ್ದವರು. 1967ರಲ್ಲಿ ಸಭೆ ಸೇರಿ ಅವರೆಲ್ಲ ತೀರ್ಮಾನಗಳನ್ನು ಬರೆದರು. ಪೂರ್ತಿ ತರಬೇತಿ ಇಲ್ಲದೆ ಯಾವ ಸಿಸ್ಟರೂ ಪಾಠಕ್ಕೆ ಹೋಗಬಾರದು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಯಬೇಕು. ಪ್ರಾರ್ಥನೆಯ ಹೊತ್ತು, ತೊಡುವ ಬಟ್ಟೆ, ಮಾಡುವ ಕೆಲಸ ಇವನ್ನು ಅವರವರೇ ಯೋಚಿಸಿ ಆರಿಸಿಕೊಳ್ಳಬಹುದು.

ಕಾರ್ಡಿನಲ್ ಜೇಮ್ಸ್ ಫ್ರಾನ್ಸಿಸ್ ಮ್ಯಾಕಿಂಟೈರ್ ಒಪ್ಪಲಿಲ್ಲ. ಈ ಬದಲಾವಣೆ ಜಾರಿಗೆ ತಂದರೆ ತಮ್ಮ ಅಧೀನದ ಶಾಲೆಗಳಲ್ಲಿ ಈ ಸಿಸ್ಟರ್‌ಗಳಿಗೆ ಜಾಗವಿಲ್ಲ ಎಂದುಬಿಟ್ಟರು. ಅವರನ್ನು ಕೆಟ್ಟವರೆಂದು ಚಿತ್ರಿಸಲು ನನಗೆ ಇಷ್ಟವಿಲ್ಲ. ವಾಲ್ ಸ್ಟ್ರೀಟ್‌ನಲ್ಲಿ ದುಡಿದು ಆಮೇಲೆ ಪಾದ್ರಿಯಾದವರು ಅವರು. 1948ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಅವರು ಕಟ್ಟಿಸಿದ ಶಾಲೆಗಳಲ್ಲಿ ಸಾವಿರಾರು ಮಕ್ಕಳು ಅಕ್ಷರ ಕಲಿತಿದ್ದಾರೆ. ಆದರೆ ಆ ಶಾಲೆಗಳು ನಿಂತಿದ್ದೇ ಸಿಸ್ಟರ್‌ಗಳ ಅಗ್ಗದ ದುಡಿಮೆಯ ಮೇಲೆ. ತರಗತಿ ಚಿಕ್ಕದಾಗಬೇಕು, ಶಿಕ್ಷಕಿ ಮೊದಲು ಓದಬೇಕು ಅಂದರೆ ಇಡೀ ಲೆಕ್ಕಾಚಾರ ಬುಡಮೇಲಾಗುತ್ತದೆ. ಪತ್ರಿಕೆಗಳು ಮುಸುಕು, ನಿಲುವಂಗಿಯ ಬಗ್ಗೆಯೇ ಬರೆದವು. ನನಗೆ ಕಾಣುವ ಹಾಗೆ ಜಗಳದ ಬೇರು ಈ ಲೆಕ್ಕದಲ್ಲಿತ್ತು. ಇದನ್ನು ರಾಜಕೀಯ ಅನ್ನುವುದಾದರೆ, ಒಳ್ಳೆಯ ಪಾಠಕ್ಕಾಗಿ ಹಟ ಹಿಡಿದ ಪ್ರತಿಯೊಬ್ಬ ಶಿಕ್ಷಕನೂ ರಾಜಕೀಯ ಮಾಡಿದವನೇ ಅಲ್ವಾ?

ಇನ್ನು ಕಾಲೇಜಿನ ಒಳಗಿನ ಮಾತು. ನಿಮಗೆ ಹೆಚ್ಚು ಸಿಟ್ಟು ಬಂದಿರುವುದು ಸಿಸ್ಟರ್ ಮೇರಿ ಕೊರಿಟಾ ಅವರ ಮೇಲೆ. 1936ರಲ್ಲಿ, ಹದಿಹರೆಯದಲ್ಲೇ ಮಠ ಸೇರಿದವರು. 1964ರಲ್ಲಿ ಚಿತ್ರಕಲಾ ವಿಭಾಗದ ಮುಖ್ಯಸ್ಥೆಯಾದರು. ರಟ್ಟಿನಲ್ಲಿ ಚಿಕ್ಕ ಚೌಕ ಕತ್ತರಿಸಿ ವಿದ್ಯಾರ್ಥಿನಿಯರ ಕೈಗೆ ಕೊಟ್ಟು, ರಸ್ತೆ ಆಚೆಯ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಆ ಕಿಂಡಿಯಿಂದ ಡಬ್ಬಿಗಳ ಚೀಟಿ, ಬೋರ್ಡು, ಜಾಹೀರಾತಿನ ಅಕ್ಷರ ಎಲ್ಲವನ್ನೂ ಒಂದೊಂದು ತುಂಡಾಗಿ ನೋಡಬೇಕು. ದಿನಾ ಕಣ್ಣಿಗೆ ಬಿದ್ದರೂ ನೋಡದೇ ಬಿಟ್ಟಿದ್ದನ್ನು ನೋಡುವ ಅಭ್ಯಾಸ ಅದು. ಒಮ್ಮೆ ಹಾಗೆ ನೋಡಲು ಕಲಿತ ಹುಡುಗಿ ಬೆಳಗಿನ ಪತ್ರಿಕೆಯನ್ನೂ ಹಾಗೆಯೇ ನೋಡುತ್ತಾಳೆ. ಅವಳನ್ನು ತಡೆಯುವುದು ಹೇಗೆ, ತಡೆಯಬೇಕಾದರೂ ಏಕೆ?

ಪತ್ರಿಕೆಯಲ್ಲಿ ಆಗ ಬರುತ್ತಿದ್ದ ಸುದ್ದಿ ಎಂಥದ್ದು ಅಂತೀರಿ! 1965ರ ಆಗಸ್ಟ್‌ನಲ್ಲಿ ಅದೇ ನಗರದ ವಾಟ್ಸ್ ಬಡಾವಣೆ ಹೊತ್ತಿ ಉರಿಯಿತು. ಕಪ್ಪು ಜನರ ಮೇಲೆ ಪೊಲೀಸರು ನಡೆಸುತ್ತಿದ್ದ ದಬ್ಬಾಳಿಕೆಗೆ ಸಿಡಿದ ಸಿಟ್ಟು ಅದು. ಆರು ದಿನದಲ್ಲಿ 34 ಜನ ಸತ್ತರು. ವಿಯೆಟ್ನಾಮ್‌ಗೆ ಹುಡುಗರು ಹೊರಡುತ್ತಲೇ ಇದ್ದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲೇ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ವಾಟ್ಸ್ ಸುದ್ದಿಯಿದ್ದ ಪತ್ರಿಕೆಯ ಮುಖಪುಟವನ್ನೇ ಕೊರಿಟಾ ತಮ್ಮ ಸ್ಕ್ರೀನ್ ಪ್ರಿಂಟ್ ಒಂದರಲ್ಲಿ ಬಳಸಿದರು. 1964ರ ಇನ್ನೊಂದು ಪ್ರಿಂಟ್‌ನಲ್ಲಿ ಬ್ರೆಡ್ ಪೊಟ್ಟಣದ ಬಣ್ಣಗಳ ಜೊತೆ ಒಬ್ಬ ಗಣಿ ಕಾರ್ಮಿಕನ ಹೆಂಡತಿಯ ಮಾತಿದೆ. ಅದರ ಜೊತೆಗೇ ನಮ್ಮ ಗಾಂಧೀಜಿ ಇದ್ದಾರೆ. ಹಸಿದವರಿಗೆ ದೇವರು ರೊಟ್ಟಿಯ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳಬಲ್ಲ ಎಂಬ ಮಾತು. ಕ್ಯಾಥೊಲಿಕರು ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಸ್ವೀಕರಿಸುವ ಪರಮಪ್ರಸಾದವೂ ರೊಟ್ಟಿಯೇ. ಅವರ ನಂಬಿಕೆಯ ನಡುಮನೆಯಿಂದಲೇ ಬಂದ ಚಿತ್ರ ಅದು, ಹೊರಗಿನಿಂದ ತಂದು ಅಂಟಿಸಿದ ಘೋಷಣೆಯಲ್ಲ.

ಕಾಲೇಜಿನಲ್ಲಿ ಪ್ರತಿವರ್ಷ ನಡೆಯುತ್ತಿದ್ದ ಮಾತೆ ಮರಿಯಳ ಹಬ್ಬವೂ ಹೀಗೆಯೇ ಬದಲಾಯಿತು. ಮೊದಲು ಸಾಲಾಗಿ ಗಂಭೀರವಾಗಿ ನಡೆಯುವ ಮೆರವಣಿಗೆ. 1964ರಲ್ಲಿ ಹೂವು, ಹಾಡು, ಕುಣಿತ, ಅಂಗಡಿ ಜಾಹೀರಾತಿನಂಥ ದೊಡ್ಡ ದೊಡ್ಡ ಫಲಕ. ಫಲಕಗಳ ತುಂಬ ಊಟದ, ಹಸಿವಿನ ಮಾತು. ನಿಮಗೆ ಅದು ಗದ್ದಲ ಅನಿಸಿದೆ. ನನಗೆ ಅದು ದೊಡ್ಡ ಪೂಜೆ ಅನಿಸುತ್ತದೆ. ಇದರಲ್ಲಿ ನಾವಿಬ್ಬರೂ ಒಪ್ಪದೇ ಉಳಿಯಬಹುದು, ಅಡ್ಡಿಯಿಲ್ಲ.

ವಿಧೇಯತೆಯ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ನಿಮ್ಮ ಮಾತಿನಲ್ಲಿ ತೂಕವಿದೆ, ಯಾಕೆಂದರೆ 1968ರಲ್ಲಿ ರೋಮ್ ಕೂಡ ಕಾರ್ಡಿನಲ್ ಪರವೇ ನಿಂತಿತು. ಒಂದೇ ಬಗೆಯ ಉಡುಪು ಇರಬೇಕು, ದಿನಾ ಒಟ್ಟಾಗಿ ಪ್ರಾರ್ಥನೆ ನಡೆಯಬೇಕು, ಶಿಕ್ಷಣದ ಕೆಲಸ ಬಿಡಬಾರದು, ಸ್ಥಳೀಯ ಬಿಷಪರ ಜೊತೆ ಹೊಂದಿ ನಡೆಯಬೇಕು ಎಂದಿತು. ಸಿಸ್ಟರ್‌ಗಳ ಎದುರು ಎರಡೇ ದಾರಿ ಉಳಿದವು. ಸುಮಾರು ಐವತ್ತು ಮಂದಿ ಹಳೆಯ ನಿಯಮಕ್ಕೆ ಮರಳಿದರು. ಮುನ್ನೂರಕ್ಕೂ ಹೆಚ್ಚು ಮಂದಿ 1970ರಲ್ಲಿ ಕ್ಯಾಸ್ಪರಿ ಜೊತೆ ತಮ್ಮ ವ್ರತದಿಂದ ಬಿಡುಗಡೆ ಕೇಳಿದರು. ಇಲ್ಲೊಂದು ವಿಷಯ ಗಮನಿಸಿ. ಅವರು ವ್ರತ ಮುರಿಯಲಿಲ್ಲ. ನಿಯಮದ ಪ್ರಕಾರವೇ ಅರ್ಜಿ ಕೊಟ್ಟು, ಸಹಿ ಮಾಡಿ ಹೊರಬಂದರು. ಎಷ್ಟೋ ಜನ ಹದಿಹರೆಯದಲ್ಲಿ ಮಠ ಸೇರಿ ಅಲ್ಲೇ ಅರ್ಧ ಆಯುಷ್ಯ ಕಳೆದವರು. ಅಂಥವರು ತಾವು ನಂಬಿದ ಕೆಲಸಕ್ಕಾಗಿ ಅಷ್ಟನ್ನೂ ಬಿಟ್ಟುಕೊಟ್ಟಿದ್ದನ್ನು ಅವಿಧೇಯತೆ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಹಳೆಯ ನಿಯಮಕ್ಕೆ ಮರಳಿದ ಆ ಐವತ್ತು ಮಂದಿಯ ಬಗ್ಗೆಯೂ ನನಗೆ ಅಷ್ಟೇ ಗೌರವ. ನಮ್ಮ ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಸಾಲು.

ಕಾಲೇಜು 1980ರ ಹೊತ್ತಿಗೆ ಮುಚ್ಚಿದ್ದು ನಿಜ. ಇದಕ್ಕೆ ಪೋಸ್ಟರುಗಳೇ ಕಾರಣ ಅನ್ನುವುದು ಸರಿಯಲ್ಲ. ಗಂಡುಮಕ್ಕಳ ಕಾಲೇಜುಗಳು ಹುಡುಗಿಯರಿಗೂ ಬಾಗಿಲು ತೆರೆದ ಕಾಲ ಅದು. ಅಮೆರಿಕದಲ್ಲಿ ಎಷ್ಟೋ ಕ್ಯಾಥೊಲಿಕ್ ಮಹಿಳಾ ಕಾಲೇಜುಗಳು, ಕಾರ್ಡಿನಲ್ ಜೊತೆ ಯಾವ ಜಗಳವನ್ನೂ ಆಡದವು ಕೂಡ, ಆಗ ಮುಚ್ಚಿದವು ಅಥವಾ ಸಹಶಿಕ್ಷಣಕ್ಕೆ ಬದಲಾದವು. ಹಣದ ಮುಗ್ಗಟ್ಟು ಇವರನ್ನೂ ಹಿಡಿಯಿತು. ಚರ್ಚ್ ಜೊತೆ ನಂಟು ಹರಿದದ್ದು ಅದನ್ನು ಇನ್ನಷ್ಟು ಕಷ್ಟ ಮಾಡಿರಬೇಕು, ಅದನ್ನು ಒಪ್ಪುತ್ತೇನೆ. 1906ರಲ್ಲಿ ಅವರು ಶುರುಮಾಡಿದ ಹೆಣ್ಣುಮಕ್ಕಳ ಹೈಸ್ಕೂಲು ಮಾತ್ರ ಇವತ್ತಿಗೂ ನಡೆಯುತ್ತಿದೆ. ಬ್ರಿಟನ್ನಿನ ರಾಜಕುಮಾರ ಹ್ಯಾರಿಯನ್ನು ಮದುವೆಯಾದ ಮೇಗನ್ ಮಾರ್ಕೆಲ್ ಓದಿದ್ದು ಅಲ್ಲೇ. ಹೊರಬಂದ ಸಿಸ್ಟರ್‌ಗಳು ಕಟ್ಟಿದ ಸಮುದಾಯವೂ ಉಳಿದಿದೆ, ಮದುವೆಯಾದವರಿಗೂ ಬೇರೆ ಪಂಗಡದ ಕ್ರೈಸ್ತರಿಗೂ ಅಲ್ಲಿ ಜಾಗವಿದೆ.

ಕಾಗದದ ಕೊನೆಯಲ್ಲಿ, ಕೊರಿಟಾ ಆಮೇಲೆ ಏನಾದರು ಎಂದು ಕೇಳಿದ್ದೀರಿ. 1968ರಲ್ಲೇ ಮಠ ಬಿಟ್ಟು ಬಾಸ್ಟನ್‌ಗೆ ಹೋದರು. 1985ರಲ್ಲಿ ಅವರು ಚಿತ್ರ ಬಿಡಿಸಿದ ‘ಲವ್’ (ಪ್ರೀತಿ) ಎಂಬ ಅಂಚೆಚೀಟಿ ಬಂತು, ಅದು 70 ಕೋಟಿಗೂ ಹೆಚ್ಚು ಅಚ್ಚಾಯಿತು. ಅದನ್ನು ವಿಶ್ವಸಂಸ್ಥೆಯಲ್ಲಿ ಬಿಡುಗಡೆ ಮಾಡಬೇಕು ಎಂಬುದು ಅವರ ಆಸೆಯಾಗಿತ್ತು. ಅಂಚೆ ಇಲಾಖೆ ಅದನ್ನು ಒಂದು ಟಿವಿ ಧಾರಾವಾಹಿಯ ಸೆಟ್ಟಿನಲ್ಲಿ ಬಿಡುಗಡೆ ಮಾಡಿತು. ಅವರು ಆ ಸಮಾರಂಭಕ್ಕೆ ಹೋಗಲಿಲ್ಲ. ಮರುವರ್ಷ ತೀರಿಕೊಂಡರು.

ನಿಮಗೆ ಇನ್ನೂ ಒಪ್ಪಿಗೆಯಾಗದಿದ್ದರೆ ದಯವಿಟ್ಟು ಮತ್ತೆ ಬರೆಯಿರಿ. ಈ ಸಲ ಚಿಕ್ಕದಾಗಿ ಬರೆದರೆ ಪೂರ್ತಿ ಹಾಕುತ್ತೇವೆ.

– ಸಂಪಾದಕ