ಮಕ್ಕಳಿರುವ ಮನೆಯ ಕ್ರಿಸ್‌ಮಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಷ್ಟು ವರ್ಷ ಹೊನ್ನಾವರದ ಮೂಲ ಮನೆಯಲ್ಲೇ ಹಬ್ಬ ಮಾಡುತ್ತಿದ್ದೆವು. ಈ ಸಲ ಕಾರವಾರದ ಬಾಡಿಗೆ ಮನೆಯಲ್ಲಿ, ನಾವು ನಾಲ್ವರೇ. ಮಕ್ಕಳಿಗೆ ಏಳು ಮತ್ತು ನಾಲ್ಕು ವರ್ಷ. ನಮ್ಮದೇ ಪದ್ಧತಿ ಅಂತ ಎಲ್ಲಿಂದ ಶುರು ಮಾಡೋಣ?
– ಓದುಗರು, ಕಾರವಾರ

ಉತ್ತರ: ಗೋದಲಿಯಿಂದ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಿಂದ ಶುರು ಮಾಡಿ. ಮೊದಲ ವರ್ಷಕ್ಕೆ ಅದೊಂದೇ ಸಾಕು. ನಕ್ಷತ್ರ, ಕೇಕು, ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ಉಡುಗೊರೆ ಎಲ್ಲವನ್ನೂ ಒಟ್ಟಿಗೇ ಹೊತ್ತುಕೊಂಡರೆ 24ರ ಸಂಜೆಗೆ ದೊಡ್ಡವರು ಸುಸ್ತಾಗಿರುತ್ತಾರೆ, ಮಕ್ಕಳು ಹಟ ಹಿಡಿದಿರುತ್ತಾರೆ. ಗೋದಲಿಯ ಕೆಲಸ ಎರಡು ವಾರಕ್ಕೆ ಹಂಚಿಹೋಗುತ್ತದೆ, ನಾಲ್ಕು ವರ್ಷದ ಮಗುವಿಗೂ ದಿನಾ ಒಂದು ಪಾಲು ಸಿಗುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿ ಸಿದ್ಧಮಾಡಿಸಿದಾಗ ಹುಲ್ಲು, ಎತ್ತು, ಕತ್ತೆ ಎಲ್ಲವೂ ನಿಜವಾದವೇ ಇದ್ದವು. ಎತ್ತು, ಕತ್ತೆ ನಮ್ಮಿಂದಾಗದು, ಹುಲ್ಲನ್ನಾದರೂ ಮಕ್ಕಳೇ ಬೆಳೆಸಲಿ.

ಅದಕ್ಕೆ ರಾಗಿ ಬೇಕು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತಟ್ಟೆಗೆ 50 ಗ್ರಾಂ ಸಾಕು. ಡಿಸೆಂಬರ್ 10ರ ರಾತ್ರಿ ನೆನೆಹಾಕಿ. ಮರುದಿನ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 12ರಂದು ಬಿತ್ತಿ. ತಟ್ಟೆಯ ತಳದಲ್ಲಿ ನಾಲ್ಕಾರು ತೂತು ಇರಲಿ. ಜರಡಿ ಹಿಡಿದ ಮಣ್ಣು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ಎರಡು ಇಂಚು ತುಂಬಿ. ಕಡಲ ದಂಡೆಯ ಮರಳು ಹಾಕಲೇಬೇಡಿ, ಅದರ ಉಪ್ಪಿಗೆ ಮೊಳಕೆ ಸುಟ್ಟುಹೋಗುತ್ತದೆ. ಕಾಳಿನ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಮೊಳಕೆ ಕಾಣುವವರೆಗೆ ನೆರಳಲ್ಲಿಡಿ. ಆಮೇಲೆ ಬೆಳಗಿನ ಬಿಸಿಲು ಬೀಳುವ ಕಿಟಕಿಗೆ ತನ್ನಿ.

ಕೆಡುವುದು ಹೆಚ್ಚಾಗಿ ನೀರಿನಿಂದ. ಚೊಂಬಿನಲ್ಲಿ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹರಿದು ಅಲ್ಲೇ ಬೂಷ್ಟು ಹಿಡಿಯುತ್ತದೆ. ಮಗುವಿನ ಕೈಗೆ ಸ್ಪ್ರೇ ಬಾಟಲಿ ಕೊಡಿ, ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಒತ್ತಲಿ. ಎಣಿಕೆಯೂ ಬರುತ್ತದೆ. ಕತ್ತಲೆ ಕೋಣೆಯಲ್ಲಿಟ್ಟರೆ ಹುಲ್ಲು ಬೆಳ್ಳಗೆ ಉದ್ದವಾಗಿ ಬೆಳೆದು ಮಲಗಿಬಿಡುತ್ತದೆ. ಇರುವೆ ಬಂದರೆ ತಟ್ಟೆಯನ್ನು ನೀರಿನ ಬಟ್ಟಲುಗಳ ನಡುವೆ ಇಟ್ಟ ಇಟ್ಟಿಗೆಯ ಮೇಲಿಡಬೇಡಿ, ಅದು ಉರುಳುತ್ತದೆ. ಅಗಲ ಹರಿವಾಣದಲ್ಲಿ ಒಂದಿಂಚು ನೀರು ನಿಲ್ಲಿಸಿ, ಅದರೊಳಗೆ ಇಟ್ಟಿಗೆ ಇಟ್ಟು ಮೇಲೆ ತಟ್ಟೆ ಕೂರಿಸಿ. ಶಿರಸಿ, ಯಲ್ಲಾಪುರದ ಕಡೆಯವರು ನಾಲ್ಕು ದಿನ ಮೊದಲೇ ಬಿತ್ತಬೇಕು, ಘಟ್ಟದ ಮೇಲಿನ ಚಳಿಗೆ ಮೊಳಕೆ ನಿಧಾನ.

ಗೊಂಬೆಗಳನ್ನು ಒಮ್ಮೆಗೇ ಕೊಳ್ಳಬೇಡಿ. ಈ ವರ್ಷ ಮರಿಯಮ್ಮ, ಜೋಸೆಫ್, ಬಾಲಯೇಸು. ಮುಂದೆ ವರ್ಷಕ್ಕೊಂದು ಕುರಿಯನ್ನೋ ಕುರುಬನನ್ನೋ ಮಕ್ಕಳೇ ಆರಿಸಲಿ. ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ ಇರಲಿ. ಪ್ರಾರ್ಥನೆಯ ನಂತರ ಮನೆಯ ಅತಿ ಕಿರಿಯರು ತಂದಿಡಲಿ. ಒಣಹುಲ್ಲಿನ ಗುಡಿಸಲೊಳಗೆ ಮೇಣದಬತ್ತಿ, ಹಣತೆ ಯಾವತ್ತೂ ಬೇಡ. ಎಲ್‌ಇಡಿ ಸರ ಹಾಕಿ, ಅದರ ಜೋಡಣೆ ಒದ್ದೆ ಮಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಬಿದಿರಿನ ನಕ್ಷತ್ರ ಮಾಡಿ ಹೊರಗೆ ಕಟ್ಟುತ್ತೇವೆ. ವಾರದೊಳಗೆ ಕಾಗದ ಹರಿಯುತ್ತದೆ, ಆಕಾರವೂ ಸೊಟ್ಟ. ಅಂಗಡಿಯದ್ದೇ ತರಬೇಕೇ?
– ಓದುಗರು, ಅಂಕೋಲಾ

ಉತ್ತರ: ಬೇಡ, ಮನೆಯದ್ದೇ ಮಾಡಿ. ಸೊಟ್ಟಾಗುವುದು ಕಡ್ಡಿಗಳು ಒಂದನ್ನೊಂದು ದಾಟುವ ಜಾಗವನ್ನು ಕಣ್ಣಳತೆಯಲ್ಲಿ ಕಟ್ಟುವುದರಿಂದ. 90 ಸೆಂ.ಮೀ. ಉದ್ದದ ಹತ್ತು ಸೀಳು ತೆಗೆದುಕೊಳ್ಳಿ, ಎಲ್ಲವೂ ಒಂದೇ ದಪ್ಪ. ಪ್ರತಿ ಸೀಳಿನ ಎರಡೂ ತುದಿಯಿಂದ 34 ಸೆಂ.ಮೀ.ಗೆ ಗುರುತು ಹಾಕಿ. ಐದು ಸೀಳುಗಳನ್ನು ಗುರುತಿಗೆ ಗುರುತು ಕೂಡುವಂತೆ ಜೋಡಿಸಿ ಕಟ್ಟಿದರೆ ಐದೂ ಮೂಲೆ ತಾವಾಗಿಯೇ ಸಮನಾಗುತ್ತವೆ. ಹೀಗೆ ಎರಡು ನಕ್ಷತ್ರ. ಎರಡರ ತುದಿಗಳನ್ನು ಒಂದಕ್ಕೊಂದು ಬಿಗಿದು, ನಡುವಿನ ಐದು ಗುರುತುಗಳಲ್ಲಿ 18 ಸೆಂ.ಮೀ. ತುಂಡುಗಳನ್ನು ಅಡ್ಡ ನಿಲ್ಲಿಸಿ ಕಟ್ಟಿ. ಅಡಿಕೆ ದಬ್ಬೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಭಾರ, ಬಾಗುವುದಿಲ್ಲ. ಬಿದಿರೇ ಸರಿ. ಗುರುತು ಹಾಕುವುದು, ದಾರ ಹಿಡಿಯುವುದು ಮಕ್ಕಳ ಕೆಲಸ, ಸೀಳುವುದು ದೊಡ್ಡವರದು.

ಕಾಗದ ಹರಿಯುವುದು ಗಾಳಿಯೊಂದರಿಂದಲೇ ಅಲ್ಲ. ರಾತ್ರಿಯ ಇಬ್ಬನಿಗೆ ಸಡಿಲವಾಗಿ, ಹಗಲ ಬಿಸಿಲಿಗೆ ಬಿಗಿದು, ಮಧ್ಯಾಹ್ನದ ಕಡಲಗಾಳಿಗೆ ತುದಿಯಲ್ಲಿ ಸೀಳುತ್ತದೆ. ಹಳೆಯ ತೆಳು ದುಪಟ್ಟಾ ಹೊಲಿದು ಹಾಕಿ, ಬೆಳಕೂ ಚೆನ್ನಾಗಿ ಹಾಯುತ್ತದೆ, ಮುಂದಿನ ವರ್ಷಕ್ಕೂ ಉಳಿಯುತ್ತದೆ. ಹಿಂಬದಿಯಲ್ಲಿ ಅಂಗೈಯಗಲದ ಬಾಯಿ ಬಿಟ್ಟರೆ ಗಾಳಿ ಹೊರಹೋಗುತ್ತದೆ, ಬಲ್ಬೂ ಅಲ್ಲಿಂದಲೇ ಒಳಗೆ. 5 ವ್ಯಾಟ್ ಎಲ್‌ಇಡಿ ಸಾಕು. ಹಳೆಯ ಕಾಲದ ತಂತಿ ಬಲ್ಬು ಕಾದು ಬಟ್ಟೆ ಸುಡುತ್ತದೆ. ನಕ್ಷತ್ರದ ಭಾರ ಹಗ್ಗದ ಮೇಲಿರಲಿ, ವೈರಿನ ಮೇಲಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ಕಿಡಿಯೊ (ಕರಿದ ಸುರುಳಿ ತಿಂಡಿ) ಮಾಡಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತವೆ, ಮರುದಿನ ಮೆತ್ತಗಾಗುತ್ತವೆ. ಏಕೆ?
– ಓದುಗರು, ಕುಮಟಾ

ಉತ್ತರ: ನಿಮ್ಮ ಹಿಟ್ಟು ಸಡಿಲವಾಗಿದ್ದಿರಬಹುದು. 500 ಗ್ರಾಂ ಮೈದಾ, 50 ಗ್ರಾಂ ಸಕ್ಕರೆ ಪುಡಿ, ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಸಿ ತುಪ್ಪ ಹಾಕಿ ಮೊದಲು ಒಣಗಿದ್ದಾಗಲೇ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಆಮೇಲೆ ದಪ್ಪ ತೆಂಗಿನ ಹಾಲು ಸ್ವಲ್ಪಸ್ವಲ್ಪವಾಗಿ, ಸುಮಾರು 200 ಮಿ.ಲೀ. ಹಿಡಿಯುತ್ತದೆ. ಪೂರಿ ಹಿಟ್ಟಿಗಿಂತ ಗಟ್ಟಿಯಿರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಹಿಂಬದಿಗೆ ಒತ್ತಿ ಸುರುಳಿ ಸುತ್ತಿ, ಅಂಚನ್ನು ಚಿವುಟಿ ಮುಚ್ಚಿ. ಬಿಚ್ಚಿಕೊಳ್ಳುವುದು ಈ ಅಂಚು ಒಣಗಿದ್ದರೆ. ಮಕ್ಕಳು ಸುತ್ತಿದ್ದನ್ನೆಲ್ಲ ದೊಡ್ಡವರೊಬ್ಬರು ಇನ್ನೊಮ್ಮೆ ಒತ್ತಿಬಿಡಿ.

ಮೆತ್ತಗಾಗುವುದು ಉರಿಯಿಂದ. ದೊಡ್ಡ ಉರಿಯಲ್ಲಿ ಹೊರಗೆ ಬಣ್ಣ ಬರುತ್ತದೆ, ಒಳಗಿನ ತೇವ ಉಳಿಯುತ್ತದೆ. ಮಧ್ಯಮ ಉರಿಯಲ್ಲಿ ಗುಳ್ಳೆ ಏಳುವುದು ಪೂರ್ತಿ ಕಡಿಮೆಯಾಗುವವರೆಗೆ ಕರಿಯಿರಿ. ಸಕ್ಕರೆ ಹೊದಿಕೆ ಬೇಕಿದ್ದರೆ ಎರಡೆಳೆ ಪಾಕ ಮಾಡಿ, ಒಲೆಯಿಂದ ಇಳಿಸಿ, ಆರಿದ ಕಿಡಿಯೊ ಹಾಕಿ ಬೆಳ್ಳಗಾಗುವವರೆಗೆ ಕೈಬಿಡದೆ ಕಲಸಿ. ಒಂದೆಳೆಗೇ ಹಾಕಿದರೆ ಅಂಟುತ್ತಲೇ ಇರುತ್ತವೆ. ಡಬ್ಬಿಗೆ ತುಂಬುವುದು ಪೂರ್ತಿ ತಣ್ಣಗಾದ ಮೇಲೆಯೇ. ಎಣ್ಣೆ, ಪಾಕದ ಹೊತ್ತಿಗೆ ಮಕ್ಕಳು ಅಡುಗೆಮನೆಯ ಹೊರಗಿರಲಿ.

ಪ್ರಶ್ನೆ: ಯಜಮಾನರಿಗೆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. 25ಕ್ಕೆ ಮನೆಯಲ್ಲಿ ಇರುವುದಿಲ್ಲ. ಮಕ್ಕಳಿಗೆ ಹಬ್ಬ ಅರ್ಧವಾದಂತೆ ಅನಿಸದೇ?
– ಓದುಗರು, ಮಲ್ಲಾಪುರ

ಉತ್ತರ: ಕ್ರಿಸ್‌ಮಸ್ ಒಂದೇ ದಿನದ್ದಲ್ಲ, ಅದನ್ನೇ ಬಳಸಿಕೊಳ್ಳಿ. ಪೂಜೆಗೆ 24ರ ರಾತ್ರಿಯೋ 25ರ ಬೆಳಿಗ್ಗೆಯೋ ಹೋಗಿಬನ್ನಿ, ಉಡುಗೊರೆ ಮಾತ್ರ ಜನವರಿ 6ರ ಮೂರು ರಾಯರ ಹಬ್ಬಕ್ಕೆ, ಅಂದರೆ ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ನೆನಪಿನ ದಿನಕ್ಕೆ ತೆಗೆದಿಡಿ. ಮೂವರು ರಾಯರ ಗೊಂಬೆಗಳನ್ನು ಡಿಸೆಂಬರ್ 25ರಂದು ಮನೆಯ ಅತಿ ದೂರದ ಮೂಲೆಯಲ್ಲಿಡಿ. ಮಕ್ಕಳು ದಿನಕ್ಕೊಂದು ಗೇಣು ಗೋದಲಿಯ ಕಡೆ ಸರಿಸಲಿ. ತಂದೆ ಪಾಳಿ ಮುಗಿಸಿ ಬಂದ ದಿನ ಆ ದಿನದ ಗೇಣು ಅವರದು. ಪಾಳಿಯ ಪಟ್ಟಿ ಸಿಕ್ಕ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಕ್ಕಳಿಗೆ ತೋರಿಸಿ. 25ರ ಬೆಳಿಗ್ಗೆ ಹೇಳಿದರೆ ಅಳು ಬರುವುದು ಸಹಜ, ಹತ್ತು ದಿನ ಮೊದಲೇ ಗೊತ್ತಿದ್ದರೆ ಕಾಯುತ್ತಾರೆ.

ಪ್ರಶ್ನೆ: ನೆರೆಯವರೆಲ್ಲ ಹವ್ಯಕ ಬ್ರಾಹ್ಮಣರು, ಸಸ್ಯಾಹಾರಿಗಳು. ಮಕ್ಕಳ ಕೈಯಲ್ಲಿ ಹಬ್ಬದ ತಟ್ಟೆ ಕಳಿಸಬಹುದೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಕಳಿಸಿ. ಕೇಕಿನಲ್ಲಿ ಮೊಟ್ಟೆಯಿದ್ದರೆ ಅದನ್ನು ತಟ್ಟೆಗೆ ಹಾಕಬೇಡಿ. ಮೇಲಿನ ಅಳತೆಯ ಕಿಡಿಯೊಗೆ ಮೊಟ್ಟೆ ಬೇಕಿಲ್ಲ, ಹೊಸ ಎಣ್ಣೆಯಲ್ಲಿ ಮೊದಲ ಸರದಿಯಲ್ಲೇ ಕರಿದು ತೆಗೆದಿಡಿ. ಮನೆಯಲ್ಲಿ ಮಡಿಯ ಹಿರಿಯರಿದ್ದರೆ ಬೇಯಿಸಿದ್ದು ಬೇಡ, ಬಾಳೆಹಣ್ಣು, ತೆಂಗಿನಕಾಯಿ, ಕಿತ್ತಳೆ ಕೊಡಿ. ಯಾವುದರಲ್ಲಿ ಏನಿದೆ ಎಂದು ಮಗುವಿಗೆ ಮೊದಲೇ ಹೇಳಿಕೊಡಿ, ಬಾಗಿಲಲ್ಲಿ ಅಜ್ಜಿ ಕೇಳಿದರೆ ತಡವರಿಸದೆ ಹೇಳಲಿ.